ನಿಂತ ಕಾರಿನ ಬ್ಯಾಟರಿ

ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆಸಿಕೊಳ್ಳುವ ಟ್ಯಾಕ್ಸಿಯ ಬ್ಯಾಟರಿ ಮೂರು ನಾಲ್ಕು ವರ್ಷ ತಕರಾರಿಲ್ಲದೆ ದುಡಿಯುತ್ತದೆ. ಅದೇ ಊರಿನಲ್ಲಿ, ಕವರ್ ಹೊದ್ದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಣ್ಣಗೆ ನಿಂತಿರುವ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಎರಡನೇ ವರ್ಷಕ್ಕೇ ಕೈಕೊಡುತ್ತದೆ. ‘ಕಾರನ್ನು ಓಡಿಸಿಯೇ ಇಲ್ಲ, ಬ್ಯಾಟರಿ ಹೇಗೆ ಹೋಯಿತು?’ ಎಂದು ಮಾಲೀಕರು ಬ್ಯಾಟರಿ ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುವುದುಂಟು. ಓಡಿಸದೇ ಇದ್ದುದರಿಂದಲೇ ಹೋಯಿತು. ಅಪರೂಪಕ್ಕೆ ಹೊರಬರುವ ಕಾರುಗಳಲ್ಲಿ ದುಡಿದು ಸವೆದ ಬ್ಯಾಟರಿಗಳಿಗಿಂತ ಅರೆಹೊಟ್ಟೆಯಲ್ಲಿ ನಿಂತು ಸತ್ತವೇ ಜಾಸ್ತಿ. ಅವುಗಳಲ್ಲಿ ಬಹುಪಾಲನ್ನು ಉಳಿಸಿಕೊಳ್ಳಬಹುದಿತ್ತು ಎಂಬುದೇ ಈ ಬರಹಕ್ಕೆ ಕಾರಣ.

ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ 1859ರಲ್ಲಿ ಕಟ್ಟಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ಮೂಲತತ್ವವೇ ಇವತ್ತಿಗೂ ನಮ್ಮ ಬಹುತೇಕ ಕಾರುಗಳಲ್ಲಿದೆ. ಪೆಟ್ಟಿಗೆಯೊಳಗೆ ಆರು ಕೋಶಗಳು, ಒಂದೊಂದೂ ಹೆಚ್ಚುಕಡಿಮೆ 2.1 ವೋಲ್ಟ್. ಸೀಸದ ತಟ್ಟೆಗಳು, ಸೀಸದ ಡೈಆಕ್ಸೈಡ್ ಹಚ್ಚಿದ ತಟ್ಟೆಗಳು, ನಡುವೆ ನೀರು ಬೆರೆತ ಗಂಧಕಾಮ್ಲ. ಬ್ಯಾಟರಿ ಕರೆಂಟ್ ಕೊಡುವಾಗ ಎರಡೂ ಬಗೆಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಬಿಟ್ಟುಕೊಂಡು ಆಮ್ಲಕ್ಕೆ ಮರಳುತ್ತದೆ. ಹೊಸದಾಗಿ ಕೂತ ಸಲ್ಫೇಟ್ ನುಣ್ಣಗಿನ ಪುಡಿಹರಳು, ಸುಲಭವಾಗಿ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ, ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಕಲ್ಲುಸಕ್ಕರೆ ಕಟ್ಟಿದ ಹಾಗೆ, ಪುಡಿಹರಳುಗಳೆಲ್ಲ ಸೇರಿ ದಪ್ಪ ಹರಳುಗಳಾಗಿ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟೇ ಚಾರ್ಜ್ ಮಾಡಿದರೂ ಅವು ಪೂರ್ತಿ ಕರಗುವುದಿಲ್ಲ. ತಟ್ಟೆಯ ಅಷ್ಟು ಭಾಗ ಶಾಶ್ವತವಾಗಿ ನಿಷ್ಪ್ರಯೋಜಕ. 80 ಎಎಚ್ (ಆಂಪಿಯರ್ ಅವರ್) ಎಂದು ಬರೆದುಕೊಂಡಿರುವ ಬ್ಯಾಟರಿ ಒಳಗೊಳಗೇ 50ಕ್ಕೋ 40ಕ್ಕೋ ಇಳಿದಿರುತ್ತದೆ. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಹೊಚ್ಚಹೊಸದರಂತೆ ಹೊಳೆಯುತ್ತಿರುತ್ತದೆ.

ಕಾರಿಗೆ ದೊಡ್ಡ ಬ್ಯಾಟರಿ ಬೇಕೇಬೇಕು ಎಂದಾದದ್ದು ಸೆಲ್ಫ್‌ನಿಂದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂದ ಮೇಲೆ ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿತು. ಆಗ ಬ್ಯಾಟರಿಗಿದ್ದ ಮುಖ್ಯ ಕೆಲಸ ಅಷ್ಟೇ: ಎಂಜಿನ್ ಎಬ್ಬಿಸು, ದೀಪ ಉರಿಸು. ಕಾರು ನಿಂತರೆ ಬ್ಯಾಟರಿಗೂ ವಿಶ್ರಾಂತಿ. ಇಂದಿನ ಕಾರು ಬೀಗ ಹಾಕಿದ ಮೇಲೂ ಮಲಗುವುದಿಲ್ಲ. ಕಳ್ಳರ ಅಲಾರಂ ಕಿವಿ ತೆರೆದುಕೊಂಡಿರುತ್ತದೆ, ರಿಮೋಟ್ ಕೀಲಿಯ ಸಂಕೇತಕ್ಕೆ ರಿಸೀವರ್ ಕಾಯುತ್ತಿರುತ್ತದೆ, ಗಡಿಯಾರ ಓಡುತ್ತಿರುತ್ತದೆ, ಹಲವು ಕಂಪ್ಯೂಟರ್‌ಗಳು ತಮ್ಮ ನೆನಪನ್ನು ಉಳಿಸಿಕೊಳ್ಳಲು ಒಂದಿಷ್ಟು ಕರೆಂಟ್ ಎಳೆಯುತ್ತಿರುತ್ತವೆ. ಇವೆಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆದರೆ ಅದು ಸಹಜ.

ಕೇಳಲು ಅಲ್ಪ. ಲೆಕ್ಕ ಹಾಕಿದರೆ ಅಲ್ಪವಲ್ಲ. 50 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್ ಅವರ್. ಹೊಸದಾದ 80 ಎಎಚ್ ಬ್ಯಾಟರಿಯ ಅರ್ಧ ಖಾಲಿಯಾಗಲು 33 ದಿನ ಸಾಕು. 30 ಮಿಲಿ ಆಂಪಿಯರ್ ಎಳೆಯುವ ಕಾರಾದರೆ 55 ದಿನ. ಇದರ ಮೇಲೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಕಳೆದುಕೊಳ್ಳುವ ಪಾಲು ಬೇರೆ. ಅದು ತಾಪಮಾನ 10 ಡಿಗ್ರಿ ಏರಿದಂತೆಲ್ಲ ಸುಮಾರು ಎರಡು ಪಟ್ಟಾಗುತ್ತದೆ. ಬೆಂಗಳೂರು, ಮೈಸೂರುಗಳ ತಂಪಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಏಪ್ರಿಲ್‌ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ತಗಡಿನ ಶೆಡ್ಡಿನಡಿ ನಿಂತ ಕಾರಿನ ಬ್ಯಾಟರಿ ಎರಡೂ ಕಡೆಯಿಂದ ಸೋರುತ್ತಿರುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ ಟರ್ಮಿನಲ್‌ಗಳನ್ನೇ ತಿನ್ನುತ್ತದೆ. ಚಳಿಯ ದೇಶಗಳ ಕಥೆ ಬೇರೆ. ಮಿಷಿಗನ್ನಿನಲ್ಲೋ ಮಿನಸೋಟದಲ್ಲೋ ಇರುವ ನಮ್ಮವರು ನವೆಂಬರಿನಲ್ಲಿ ಕಾರನ್ನು ಗ್ಯಾರೇಜಿಗೆ ತಳ್ಳಿ ಏಪ್ರಿಲ್‌ಗೆ ತೆಗೆಯುತ್ತಾರೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಮ್ಲ ಅಲ್ಲಿನ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದರಲ್ಲಿ ಉಳಿಯುವುದು ಬಹುಪಾಲು ನೀರು. ಅದು ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿಳಿಯುವ ಹೊತ್ತಿಗೇ ಮಂಜುಗಡ್ಡೆಯಾಗಿ ಪೆಟ್ಟಿಗೆಯನ್ನು ಸೀಳಿಹಾಕಬಲ್ಲದು.

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರುಗಳು ನಿಂತೇ ಇರುವುದಕ್ಕೆ ಕಾರಣಗಳನ್ನು ಹುಡುಕಬೇಕಾಗಿಲ್ಲ. ಮುಂಭಾಗ ನೆಲಕ್ಕೆ ಅಂಟಿದಂತಿರುವ ಕಾರು ಪ್ರತಿ ಹಂಪಿನಲ್ಲೂ ಉಜ್ಜಿಕೊಳ್ಳುತ್ತದೆ. ಕೆಲಸದ ದಿನ ಸಿಲ್ಕ್ ಬೋರ್ಡಿನ ಕಡೆ ಅದನ್ನು ಒಯ್ಯುವ ಧೈರ್ಯ ಯಾರಿಗೂ ಇಲ್ಲ. ಮಳೆಗಾಲವಂತೂ ಪೂರ್ತಿ ರಜೆ. ಉಳಿಯುವುದು ಭಾನುವಾರದ ನಸುಕು, ದೇವನಹಳ್ಳಿ ರಸ್ತೆ, ನಂದಿಬೆಟ್ಟದ ತಪ್ಪಲಿನವರೆಗೆ ಒಂದು ಓಟ. ಅದೂ ಎರಡು ವಾರ ತಪ್ಪಿದರೆ ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ.

ಹಾಗಾಗಿ ಬಹಳ ಮಂದಿ ಒಂದು ವ್ರತ ಹಿಡಿದಿದ್ದಾರೆ. ವಾರಕ್ಕೊಮ್ಮೆ ಕೆಳಗಿಳಿದು ಹೋಗಿ ಹತ್ತು ನಿಮಿಷ ಎಂಜಿನ್ ಆನ್ ಮಾಡಿಟ್ಟು ಬರುವುದು. ಊರಿಗೆ ಹೋಗುವಾಗ ಈ ಕೆಲಸವನ್ನು ಡ್ರೈವರ್‌ಗೋ ವಾಚ್‌ಮನ್‌ಗೋ ಒಪ್ಪಿಸುವವರೂ ಇದ್ದಾರೆ. ಈ ಅಭ್ಯಾಸವನ್ನು ಇವತ್ತೇ ಬಿಡಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ವಾರದಲ್ಲಿ ಕಾರು ಎಳೆದದ್ದು 8.4 ಆಂಪಿಯರ್ ಅವರ್ ಎಂದಿಟ್ಟುಕೊಳ್ಳಿ. ಸ್ಟಾರ್ಟ್ ಮಾಡುವ ಖರ್ಚು ತೀರಾ ಕಡಿಮೆ. 200 ಆಂಪಿಯರ್‌ನಂತೆ ಮೂರು ಸೆಕೆಂಡು ಎಳೆದರೂ 0.2ನ್ನು ಮುಟ್ಟುವುದಿಲ್ಲ. ಆದರೆ ನಿಂತಲ್ಲೇ ಓಡುವ ಎಂಜಿನ್‌ನ ಆಲ್ಟರ್ನೇಟರ್ ಬ್ಯಾಟರಿಗೆ 10 ಆಂಪಿಯರ್ ಕೊಟ್ಟರೂ ಹತ್ತು ನಿಮಿಷದಲ್ಲಿ ಮರಳಿ ಬರುವುದು 1.7 ಆಂಪಿಯರ್ ಅವರ್ ಮಾತ್ರ. ಆರೂವರೆಗಿಂತ ಹೆಚ್ಚು ಬಾಕಿ. ವಾರ ವಾರ ಈ ಬಾಕಿ ಬೆಳೆಯುತ್ತದೆ, ಸಲ್ಫೇಟ್ ಗಟ್ಟಿಯಾಗುತ್ತದೆ. ಬ್ಯಾಟರಿಗೆ ಇಷ್ಟು ಕಡಿಮೆ ಉಪಕಾರ ಮಾಡಿ ಎಂಜಿನ್‌ಗೆ ಅಪಕಾರವನ್ನು ಧಾರಾಳವಾಗಿ ಮಾಡಿರುತ್ತೇವೆ. ತಣ್ಣಗಿನ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋಗುತ್ತದೆ, ಅದರಲ್ಲಿ ಸ್ವಲ್ಪ ಆಯಿಲ್‌ಗೆ ಬೆರೆಯುತ್ತದೆ. ಉರಿದಾಗ ಹುಟ್ಟುವ ನೀರಿನ ಆವಿ ಸೈಲೆನ್ಸರಿನಲ್ಲೇ ತಣಿದು ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಆಯಿಲ್ ಪೂರ್ತಿ ಬಿಸಿಯಾಗುವಂತೆ ಮುಕ್ಕಾಲು ಗಂಟೆ, ಒಂದು ಗಂಟೆ ರಸ್ತೆಯಲ್ಲಿ ಓಡಿಸುವುದಾದರೆ ಸ್ಟಾರ್ಟ್ ಮಾಡಿ. ಇಲ್ಲವಾದರೆ ಮುಟ್ಟಬೇಡಿ.

ಹಾಗಾದರೆ ಬ್ಯಾಟರಿಯನ್ನು ತುಂಬಿಸಿಡುವುದು ಹೇಗೆ? ಗೋಡೆಯ ಪ್ಲಗ್ಗಿನಿಂದ. ಮೇಂಟೇನರ್ ಎಂದು ಕರೆಯುವ ಪುಟ್ಟ ಚಾರ್ಜರ್ ಇದಕ್ಕೆಂದೇ ಇದೆ. ಹಳೆಯ ಕಾಲದ ಗ್ಯಾರೇಜ್ ಚಾರ್ಜರ್‌ಗೂ ಇದಕ್ಕೂ ದೊಡ್ಡ ಅಂತರವಿದೆ. ಹಳೆಯದು ಬ್ಯಾಟರಿ ತುಂಬಿದ ಮೇಲೂ ಒಂದೇ ಸಮ ತಳ್ಳುತ್ತಾ ನೀರನ್ನೆಲ್ಲ ಆವಿ ಮಾಡಿ ಕೊಲ್ಲುತ್ತಿತ್ತು. ಮೇಂಟೇನರ್ ಮೊದಲು ಪೂರ್ಣ ವೇಗದಲ್ಲಿ ತುಂಬುತ್ತದೆ, 14.4 ವೋಲ್ಟಿನ ಆಸುಪಾಸಿನಲ್ಲಿ ಹಿಡಿದು ಕೊನೆಯ ಪಾಲನ್ನು ನಿಧಾನಕ್ಕೆ ಸೇರಿಸುತ್ತದೆ, ತುಂಬಿತೆಂದು ಕಂಡಾಗ 13.5ರ ಸುಮಾರಿಗೆ ಇಳಿದು ಸೋರಿದ್ದನ್ನಷ್ಟೇ ತುಂಬುತ್ತಾ ಕೂರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೂ ತೊಂದರೆಯಿಲ್ಲ, ಕರೆಂಟ್ ಬಿಲ್ಲಿನಲ್ಲಿ ಅದು ಕಾಣಿಸುವುದೂ ಇಲ್ಲ. ಫೆರಾರಿ ಕೊಂಡವರಿಗೆ ಇಂಥದ್ದನ್ನು ಕಂಪನಿಯೇ ಕೊಡುತ್ತದೆ. ಸ್ವೀಡನ್ನಿನ ಸಿಟೆಕ್ ಎಂಬ ಕಂಪನಿಯ ಮೇಂಟೇನರ್‌ಗಳು ಈ ವಲಯದಲ್ಲಿ ಹೆಸರುವಾಸಿ. ಪೋರ್ಷೆ ತನ್ನ ಹೆಸರಿನಲ್ಲೇ ಮಾರುವ ಮೇಂಟೇನರ್ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವಂಥದ್ದು. ಬೇರೆ ಕಾರುಗಳಲ್ಲಿ ಈ ದಾರಿ ಹಿಡಿಯುವ ಮೊದಲು ಕೀಲಿ ತೆಗೆದ ಮೇಲೂ ಆ ಸಾಕೆಟ್ ಬ್ಯಾಟರಿಗೆ ಜೋಡಿಕೊಂಡೇ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಬ್ಯಾಟರಿಯ ಟರ್ಮಿನಲ್‌ಗಳಿಗೆ ಫ್ಯೂಸ್ ಇರುವ ಚಿಕ್ಕ ವೈರೊಂದನ್ನು ಕಾಯಂ ಆಗಿ ಕೂರಿಸಿ, ಅದರ ತುದಿಯ ಕನೆಕ್ಟರ್ ಕೈಗೆ ಸಿಗುವ ಹಾಗೆ ಬಿಟ್ಟರೆ ಚುಚ್ಚುವುದು, ಬಿಡಿಸುವುದು ಅರೆಗಳಿಗೆಯ ಕೆಲಸ.

ನಮ್ಮಲ್ಲಿ ನಿಜವಾದ ಅಡ್ಡಿ ಪ್ಲಗ್ ಪಾಯಿಂಟ್. ಬಹುತೇಕ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲುವ ಜಾಗದ ಹತ್ತಿರ ಅದಿರುವುದಿಲ್ಲ. ಅಸೋಸಿಯೇಷನ್ ಹತ್ತಿರ ಕೇಳಿದರೆ ಮೊದಲೆಲ್ಲ ಇಲ್ಲವೆಂಬ ಉತ್ತರವೇ ಸಿಗುತ್ತಿತ್ತು. ಈಗ ಎಲೆಕ್ಟ್ರಿಕ್ ಕಾರುಗಳಿಗಾಗಿ ಮನೆಯ ಮೀಟರ್‌ನಿಂದಲೇ 15 ಆಂಪಿಯರ್ ಪಾಯಿಂಟ್ ಎಳೆಸಿಕೊಳ್ಳುವವರು ಹೆಚ್ಚಿದ್ದಾರೆ. ಪೆಟ್ರೋಲ್ ಕಾರಿನವರೂ ಅದೇ ಅರ್ಜಿಯಲ್ಲಿ ಸೇರಿಕೊಳ್ಳಬಹುದು. ಅಷ್ಟೂ ಆಗದಿದ್ದರೆ ತಿಂಗಳಿಗೊಮ್ಮೆ ಒಂದು ರಾತ್ರಿ ಎಲ್ಲಾದರೂ ಪ್ಲಗ್ ಸಿಗುವ ಕಡೆ ಕಾರನ್ನಿಟ್ಟು ಪೂರ್ತಿ ಚಾರ್ಜ್ ಮಾಡಿಸಿ. ಬಯಲಲ್ಲಿ ನಿಲ್ಲುವ ಕಾರಾದರೆ ಐದು ಹತ್ತು ವ್ಯಾಟಿನ ಸೋಲಾರ್ ಫಲಕವೂ ನಡೆಯುತ್ತದೆ, ಜೊತೆಗೆ ಚಾರ್ಜ್ ಕಂಟ್ರೋಲರ್ ಇದ್ದರೆ ಕ್ಷೇಮ. ಕಂಪ್ಯೂಟರ್‌ಗಳಿಲ್ಲದ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಅರ್ಥ್ ತಂತಿಗೊಂದು ಕಟ್‌ಆಫ್ ಸ್ವಿಚ್ ಹಾಕಿ ತಿರುಗಿಸಿಟ್ಟರೆ ಸಾಕು.

ಮನೆಯಲ್ಲೊಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಕಾರು ಓಡಿಸಿ ಬಂದ ಕೂಡಲೇ ನೋಡಿದರೆ ಅದು ಸುಳ್ಳು ಹೇಳುತ್ತದೆ. ರಾತ್ರಿ ಕಳೆದು ಬೆಳಗ್ಗೆ ನೋಡಿ. ಸಾಮಾನ್ಯ ಬ್ಯಾಟರಿಯಲ್ಲಿ 12.6, 12.7 ವೋಲ್ಟ್ ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕೆ ಬಂತೆಂದರೆ ಕಾಲು ಭಾಗ ಮಾತ್ರ ಉಳಿದಿದೆ. ಎಜಿಎಂ ಎಂಬ ಬಗೆಯ ಬ್ಯಾಟರಿಗಳಲ್ಲಿ (ಅದರ ವಿವರ ಮುಂದಿದೆ) ಈ ಅಂಕಿಗಳು ಒಂದೆರಡು ದಶಮಾಂಶ ಮೇಲಿರುತ್ತವೆ. 12.4ಕ್ಕೆ ಇಳಿಯಿತೆಂದರೆ ಚಾರ್ಜ್ ಮಾಡುವ ಹೊತ್ತು. ಸೆಲ್ಫ್ ಇನ್ನೂ ಹೊಡೆಯುತ್ತಿದೆಯಲ್ಲ ಎಂದು ಸುಮ್ಮನಿರಬಾರದು. ಸೆಲ್ಫ್ ಹೊಡೆಯುವುದು ನಿಲ್ಲುವ ಹೊತ್ತಿಗೆ ಹಾನಿ ಆಗಿ ಮುಗಿದಿರುತ್ತದೆ.

ಪೂರ್ತಿ ಡೌನ್ ಆದಾಗ ಏನಾಗುತ್ತದೆ ಎಂಬುದನ್ನು ಒಂದು ಕಾರಿನಲ್ಲಿ ಹತ್ತಿರದಿಂದ ನೋಡೋಣ. ಪೋರ್ಷೆ 911ರ 997 ಎಂಬ ತಲೆಮಾರು 2004ರಲ್ಲಿ ಬಂತು. ಇದರ ಎಂಜಿನ್ ಹಿಂದಿದೆ, ಡಿಕ್ಕಿ ಮುಂದಿದೆ, ಬ್ಯಾಟರಿ ಆ ಮುಂದಿನ ಡಿಕ್ಕಿಯ ಒಳತುದಿಯಲ್ಲಿ, ಗಾಜಿನ ಬುಡದಲ್ಲಿ ಪ್ಲಾಸ್ಟಿಕ್ ಮುಚ್ಚಳದಡಿ ಕೂತಿದೆ. ಡಿಕ್ಕಿ ತೆರೆಯುವ ಚಿಲಕ ಕೆಲಸ ಮಾಡುವುದು ವಿದ್ಯುತ್ತಿನಿಂದ. ಅಂದರೆ ಬ್ಯಾಟರಿ ಸತ್ತರೆ ಬ್ಯಾಟರಿಯನ್ನು ಮುಟ್ಟಲು ಬೇಕಾದ ಬಾಗಿಲೂ ತೆರೆಯುವುದಿಲ್ಲ. ಗಾಬರಿಯಾಗಿ ಪಟ್ಟಿ ಹಾಕಿ ಮೀಟಿ ಬಣ್ಣ ಕೆಡಿಸಿಕೊಂಡವರಿದ್ದಾರೆ. ಕಂಪನಿಯವರು ಇದಕ್ಕೊಂದು ದಾರಿ ಇಟ್ಟಿದ್ದಾರೆ. ಕೀಲಿಯಿಂದ ಬಾಗಿಲು ತೆರೆದು, ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗಿನಿಂದ ಎಳೆದುಕೊಳ್ಳಬಹುದಾದ ಕೆಂಪು ಕಡ್ಡಿಯೊಂದು ಸಿಗುತ್ತದೆ. ಬೇರೆ ಬ್ಯಾಟರಿಯ ಪಾಸಿಟಿವ್ ವೈರನ್ನು ಅದಕ್ಕೆ, ನೆಗೆಟಿವ್ ವೈರನ್ನು ಬಾಗಿಲಿನ ಚಿಲಕ ಸಿಕ್ಕಿಕೊಳ್ಳುವ ಲೋಹದ ಕೊಂಡಿಗೆ ಹಿಡಿಯಬೇಕು. ಅಲಾರಂ ಕೂಗಿಕೊಳ್ಳುತ್ತದೆ, ರಿಮೋಟ್ ಒತ್ತಿದರೆ ಸುಮ್ಮನಾಗುತ್ತದೆ. ಆಮೇಲೆ ಡಿಕ್ಕಿಯ ಗುಂಡಿ ಎಳೆದರೆ ಚಿಲಕ ಬಿಡುತ್ತದೆ. ಈ ದಾರಿ ಚಿಲಕ ತೆರೆಯುವುದಕ್ಕೆ ಮಾತ್ರ. ಇದರಿಂದ ಕಾರು ಸ್ಟಾರ್ಟ್ ಮಾಡಲು ಹೋದರೆ ವೈರಿಂಗ್ ಸುಡುತ್ತದೆ.

ಇನ್ನೊಂದು ಸೂಕ್ಷ್ಮ. ಈ ಕಾರಿನ ಕಿಟಕಿ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಬಾಗಿಲ ಹಿಡಿ ಎಳೆದ ಕೂಡಲೇ ಗಾಜು ಬೆರಳಗಲ ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರುತ್ತದೆ. ಬ್ಯಾಟರಿ ಇಲ್ಲದಾಗ ಗಾಜು ಇಳಿಯುವುದಿಲ್ಲ. ಆಗ ಬಾಗಿಲನ್ನು ಎಂದಿನಂತೆ ಬಡಿದು ಮುಚ್ಚಿದರೆ ಗಾಜಿನ ಅಂಚು ರಬ್ಬರಿಗೂ ಅಂಚುಪಟ್ಟಿಗೂ ಗುದ್ದುತ್ತದೆ. ಕೆಲಸ ಮುಗಿಯುವವರೆಗೆ ಬಾಗಿಲನ್ನು ಹಾಗೇ ಓರೆ ಮಾಡಿ ಬಿಡುವುದು ಒಳ್ಳೆಯದು.

ಜಂಪರ್ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಂಡ ಮೇಲೆ ‘ಒಂದು ಸುತ್ತು ಹೊಡೆದರೆ ಚಾರ್ಜ್ ಆಗುತ್ತೆ ಬಿಡಿ’ ಎನ್ನುವವರ ಮಾತು ಕೇಳಬೇಡಿ. ತೀರಾ ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಹಲವು ಗಂಟೆ ಬೇಕು. ಕೊನೆಯ ಕಾಲು ಭಾಗವಂತೂ ಆಮೆಯ ನಡಿಗೆ. ಆಲ್ಟರ್ನೇಟರ್ ಇರುವುದು ಓಡುತ್ತಿರುವ ಕಾರಿನ ಖರ್ಚು ತೂಗಿಸಲು. ಅದರ ಕೈಯಲ್ಲಿ ಸತ್ತ ಬ್ಯಾಟರಿಯನ್ನು ಎಬ್ಬಿಸಹೊರಟರೆ ಅದೂ ಕಾದು ಕೆಡುವ ಅಪಾಯವಿದೆ. ಕಾರನ್ನು ಸ್ಟಾರ್ಟ್ ಮಾಡಿ ಮನೆಗೆ ತನ್ನಿ, ಅವತ್ತು ರಾತ್ರಿಯೇ ಚಾರ್ಜರ್‌ಗೆ ಹಾಕಿ. ಹಳೆಯ ಫಿಯಟ್ಟಿನ ಹಾಗೆ ತಳ್ಳಿ ಸ್ಟಾರ್ಟ್ ಮಾಡುವ ಆಸೆ ಬೇಡ. ಇಂಧನದ ಪಂಪು, ಕಿಡಿ, ಕಂಪ್ಯೂಟರ್ ಎಲ್ಲಕ್ಕೂ ಕರೆಂಟ್ ಬೇಕು. ಪಿಡಿಕೆ ಎಂಬ ಪೋರ್ಷೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರಂತೂ ಆ ದಾರಿ ಮುಚ್ಚಿದೆ.

ಒಮ್ಮೆ ಡೌನ್ ಆದ ಕೂಡಲೇ ಹೊಸ ಬ್ಯಾಟರಿಗೆ ಆರ್ಡರ್ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೊದಲು ಕೇಳಬೇಕಾದದ್ದು, ಅದು ಏಕೆ ಡೌನ್ ಆಯಿತು? ಪರಿಚಯದವರೊಬ್ಬರ 911ರಲ್ಲಿ ಹೊಸ ಬ್ಯಾಟರಿಯೂ ಎರಡು ವಾರ ನಿಂತರೆ ಸಾಕು, ಮಲಗಿಬಿಡುತ್ತಿತ್ತು. ವರ್ಕ್‌ಶಾಪಿನವರು ಮತ್ತೊಂದು ಬ್ಯಾಟರಿ ಹಾಕೋಣ ಎಂದರು. ಕೊನೆಗೆ ಜೆ.ಸಿ. ರಸ್ತೆ ಕಡೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, ‘ಬ್ಯಾಟರಿದೇನೂ ತಪ್ಪಿಲ್ಲ ಸಾರ್. ಕರೆಂಟ್ ಎಲ್ಲೋ ಸೋರ್ತಾ ಇದೆ, ಅದನ್ನ ಮೊದಲು ಹಿಡೀಬೇಕು’ ಅಂದರು.

ಅವರು ಹಿಡಿದ ರೀತಿ ನೋಡುವಂತಿತ್ತು. ಮುಂದಿನ ಡಿಕ್ಕಿ ತೆರೆದಿಟ್ಟು, ಅದರ ಚಿಲಕಕ್ಕೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಮುಚ್ಚಿಕೊಳ್ಳುವಂತೆ ಮಾಡಿದರು. ಡಿಕ್ಕಿ ಮುಚ್ಚಿದೆ ಎಂದು ಕಾರು ನಂಬಬೇಕಲ್ಲ! ಕಾರಿಗೆ ಬೀಗ ಹಾಕಿ, ಕೀಲಿಯನ್ನು ದೂರದ ಮೇಜಿನ ಮೇಲಿಡಿಸಿದರು. ಬ್ಯಾಟರಿಯ ನೆಗೆಟಿವ್ ಕೇಬಲ್ಲಿಗೆ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿದರು. ‘ಅರ್ಧ ಗಂಟೆ ಯಾರೂ ಮುಟ್ಬೇಡಿ, ಒಳಗಿರೋದೆಲ್ಲ ಮಲಗಬೇಕು’ ಎಂದು ಹೇಳಿ ಚಹಾಕ್ಕೆ ಹೋದರು. ಮೊದಲು ಹಲವು ಆಂಪಿಯರ್ ತೋರಿಸುತ್ತಿದ್ದ ಮೀಟರ್ ಹಂತ ಹಂತವಾಗಿ ಇಳಿಯಿತು, 180 ಮಿಲಿ ಆಂಪಿಯರ್‌ಗೆ ಬಂದು ನಿಂತುಬಿಟ್ಟಿತು. ಇರಬೇಕಾದದ್ದಕ್ಕಿಂತ ಹಲವು ಪಟ್ಟು. ಒಂದೊಂದೇ ಫ್ಯೂಸಿನ ಬೆನ್ನಿನ ಮೇಲೆ ಮಿಲಿವೋಲ್ಟ್ ನೋಡುತ್ತಾ ಹೋದರು. ಫ್ಯೂಸ್ ಕೀಳುವಂತಿಲ್ಲ, ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎದ್ದು ಕೂರುತ್ತದೆ. ಕೊನೆಗೆ ಸಿಕ್ಕಿದ್ದು ಹಿಂದಿನ ಮಾಲೀಕರು ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿ ಮರೆತಿದ್ದ ಜಿಪಿಎಸ್ ಟ್ರ್ಯಾಕರ್. ಸಿಮ್ ಸತ್ತು ಎಷ್ಟೋ ಕಾಲವಾಗಿತ್ತು. ಸಿಗದ ನೆಟ್‌ವರ್ಕ್ ಹುಡುಕುತ್ತಾ ಹಗಲೂ ರಾತ್ರಿ ಬ್ಯಾಟರಿ ಹೀರುತ್ತಿತ್ತು. ಟ್ರ್ಯಾಕರ್, ಡ್ಯಾಶ್‌ಕ್ಯಾಮ್, ಸ್ಕ್ಯಾನರ್ ಸಾಕೆಟ್‌ಗೆ ಚುಚ್ಚಿಟ್ಟ ಬ್ಲೂಟೂತ್ ಡಾಂಗಲ್, ಮೊದಲು ಇವುಗಳ ಮೇಲೆ ಅನುಮಾನ ಪಡಿ. ಕೀಲೆಸ್ ಕಾರಾದರೆ ಕೀಲಿಯನ್ನು ಕಾರಿನ ಪಕ್ಕದ ಗೋಡೆಗೆ ತೂಗುಹಾಕುವ ಅಭ್ಯಾಸದ ಮೇಲೂ. ಹತ್ತಿರದಲ್ಲಿರುವ ಕೀಲಿ ಕೆಲವು ಕಾರುಗಳನ್ನು ಮಲಗಲು ಬಿಡುವುದಿಲ್ಲ.

ಸೋರಿಕೆ ಇಲ್ಲ, ಒಂದು ದಿನವೆಲ್ಲ ಚಾರ್ಜ್ ಮಾಡಿದ್ದಾಯಿತು, ಆದರೂ ರಾತ್ರಿ ಕಳೆಯುವಷ್ಟರಲ್ಲಿ 12.4ಕ್ಕೆ ಜಾರುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟ್ 9.6ಕ್ಕಿಂತ ಕೆಳಗೆ ಕುಸಿಯುತ್ತದೆ. ಆಗ ಬದಲಾಯಿಸಲೇಬೇಕು. ಅಂಗಡಿಯವರ ಬಳಿ ಇರುವ ಟೆಸ್ಟರ್‌ನಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಹೊಸದನ್ನು ಆರಿಸುವಾಗ ಕಾರಿನೊಂದಿಗೆ ಬಂದದ್ದು ಯಾವ ಜಾತಿಯದು ಎಂಬುದನ್ನು ಮೊದಲು ನೋಡಿ. ಎಜಿಎಂ ಇದ್ದ ಕಡೆ ಎಜಿಎಂ ಅನ್ನೇ ಹಾಕಬೇಕು. ಅದರಲ್ಲಿ ಆಮ್ಲ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ, ಚೆಲ್ಲುವುದಿಲ್ಲ, ತಾನಾಗಿ ಸೋರುವುದೂ ಕಡಿಮೆ. ಸಾಮಾನ್ಯ ಬ್ಯಾಟರಿ ಇದ್ದ ಕಾರಿಗೂ ಅಳತೆ ಹೊಂದಿದರೆ ಎಜಿಎಂ ಹಾಕಿಸುವುದು, ವಿಶೇಷವಾಗಿ ನಿಂತೇ ಇರುವ ಕಾರಿಗೆ, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೆಲಸ. ಪೆಟ್ಟಿಗೆಯ ಉದ್ದ, ಎತ್ತರ, ಪಾಸಿಟಿವ್ ಯಾವ ಬದಿಗಿದೆ ಎಂಬುದು ಹೊಂದಬೇಕು. ತಯಾರಾದ ತಿಂಗಳು ನೋಡದೆ ಕೊಳ್ಳಬೇಡಿ. ಸ್ಪೋರ್ಟ್ಸ್ ಕಾರಿನ ಅಳತೆಯ ಬ್ಯಾಟರಿಗಳಿಗೆ ಗಿರಾಕಿ ಕಡಿಮೆ, ಅಂಗಡಿಯ ಕಪಾಟಿನಲ್ಲೇ ವರ್ಷ ಕಳೆದಿರುವುದು ಸಾಧ್ಯ. ಕಪಾಟಿನಲ್ಲಿ ಕೂತ ಬ್ಯಾಟರಿಗೂ ಸಲ್ಫೇಟ್ ಕಟ್ಟುತ್ತದೆ.

ಲಿಥಿಯಂ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೋರ್ಷೆ 2010ರ ಆರಂಭದಲ್ಲೇ 911 ಜಿಟಿ3, ಬಾಕ್ಸ್‌ಟರ್ ಸ್ಪೈಡರ್ ಕಾರುಗಳಿಗೆ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಕೊಡತೊಡಗಿತು. ತೂಕ ಆರು ಕಿಲೋಗಿಂತ ಕಡಿಮೆ, 60 ಎಎಚ್‌ನ ಸೀಸದ ಬ್ಯಾಟರಿಗಿಂತ ಹತ್ತು ಕಿಲೋಗೂ ಹೆಚ್ಚು ಹಗುರ. ಜರ್ಮನಿಯಲ್ಲಿ ಆಗ ಅದರ ಬೆಲೆ 1,904 ಯೂರೊ ಇತ್ತು. ಜೊತೆಗೆ ಒಂದು ಮಾಮೂಲಿ ಬ್ಯಾಟರಿಯನ್ನೂ ಕೊಡುತ್ತಿದ್ದರು, ಏಕೆಂದರೆ ಕೊರೆಯುವ ಚಳಿಯಲ್ಲಿ ಲಿಥಿಯಂ ಸರಿಯಾಗಿ ಸ್ಟಾರ್ಟ್ ಮಾಡಿಕೊಡುವುದಿಲ್ಲ. ರೇಸಿಂಗ್ ಟ್ರ್ಯಾಕಿನಲ್ಲಿ ಓಡುವವರಿಗೆ ಆ ಹತ್ತು ಕಿಲೋ ದೊಡ್ಡದು. ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಿಗೆ ನಾನು ಅದನ್ನು ಹೇಳುವುದಿಲ್ಲ. ಇಂಥ ಬ್ಯಾಟರಿಗಳ ಎಎಚ್ ಕಡಿಮೆ, ಕಾರು ಎಳೆಯುವ ಮಿಲಿ ಆಂಪಿಯರ್ ಮಾತ್ರ ಅಷ್ಟೇ, ಹಾಗಾಗಿ ದಿನಗಳ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಈಗಾಗಲೇ ಲಿಥಿಯಂ ಇದ್ದರೆ ಮೇಂಟೇನರ್ ಅದಕ್ಕೆಂದೇ ಮಾಡಿದ್ದಿರಬೇಕು. ಸಲ್ಫೇಟ್ ಕರಗಿಸಲು ಹೆಚ್ಚಿನ ವೋಲ್ಟ್ ಬಿಡುವ ಸೀಸದ ಚಾರ್ಜರ್ ಅದನ್ನು ಹಾಳುಮಾಡಬಹುದು.

ಬದಲಾಯಿಸುವ ಕೆಲಸವನ್ನು ಸ್ವಂತ ಕೈಯಿಂದ ಮಾಡುವ ಖುಷಿಯೇ ಬೇರೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಹಿಂಜರಿಯಬೇಕಿಲ್ಲ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಾರಿನ ಮೈಯೆಲ್ಲ ನೆಗೆಟಿವ್. ಅದು ಜೋಡಿಕೊಂಡಿರುವಾಗ ಪಾಸಿಟಿವ್ ನಟ್ಟಿನ ಮೇಲಿರುವ ಸ್ಪ್ಯಾನರ್ ಪಕ್ಕದ ಲೋಹಕ್ಕೆ ತಗುಲಿದರೆ ಕಣ್ಣೆದುರೇ ಬೆಸುಗೆ ಹತ್ತುತ್ತದೆ. ಹಳೆಯ ಕಾರುಗಳ ರೇಡಿಯೊಗೆ ಕೋಡ್ ಬೇಕಾಗುತ್ತದೆ, ಬಿಚ್ಚುವ ಮೊದಲೇ ಅದು ಕೈಯಲ್ಲಿರಲಿ. ಬ್ಯಾಟರಿಯ ಪಕ್ಕದಲ್ಲಿ ಚಿಕ್ಕ ಗಾಳಿಕೊಳವೆ ಇದ್ದರೆ ಹೊಸದಕ್ಕೆ ತಪ್ಪದೆ ಸಿಕ್ಕಿಸಿ. 911ರ ಹಾಗೆ ಡಿಕ್ಕಿಯಲ್ಲಿ, ಅಥವಾ ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿದ್ದಂತೆ ಹಿಂದಿನ ಡಿಕ್ಕಿಯಲ್ಲಿ ಕೂರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬಂದರೆ ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳಬಾರದು ಎಂದೇ ಆ ಕೊಳವೆಯಿರುವುದು. ಬುಡದ ಹಿಡಿಕೆಯನ್ನು ಬಿಗಿಯಾಗಿ ಕೂರಿಸಿ. ತಿರುವಿನಲ್ಲಿ ಜೋರಾಗಿ ಹೋಗುವ ಕಾರಿನಲ್ಲಿ ಇಪ್ಪತ್ತು ಕಿಲೋದ ಪೆಟ್ಟಿಗೆ ಅಲ್ಲಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ಹೊರಗಿರುವಾಗ 911ರ ಡಿಕ್ಕಿ ಗಾಳಿಗೆ ಮುಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ಜೋಡಿಸಿದ ಮೇಲೆ ಕೂಡಲೇ ಸೆಲ್ಫ್ ಹೊಡೆಯಬೇಡಿ. ಇಗ್ನಿಷನ್ ಆನ್ ಮಾಡಿ ಒಂದು ನಿಮಿಷ ಬಿಟ್ಟು, ಆಫ್ ಮಾಡಿ, ಹತ್ತು ಸೆಕೆಂಡು ಕಳೆದು ಸ್ಟಾರ್ಟ್ ಮಾಡಿ. ಥ್ರಾಟಲ್ ತನ್ನ ಜಾಗವನ್ನು ಮತ್ತೆ ಕಲಿತುಕೊಳ್ಳಲು ಅಷ್ಟು ಸಮಯ ಬೇಕು. ಕಿಟಕಿ ಗಾಜುಗಳನ್ನು ಪೂರ್ತಿ ಏರಿಸಿ ಗುಂಡಿಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದರೆ ಅವುಗಳಿಗೂ ನೆನಪು ಮರಳುತ್ತದೆ. ಬಿಎಂಡಬ್ಲ್ಯು ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಎಂದು ಸ್ಕ್ಯಾನರ್ ಮೂಲಕ ಕಾರಿಗೆ ತಿಳಿಸಬೇಕು. ಹಳೆಯ ಬ್ಯಾಟರಿಯ ವಯಸ್ಸು ನೋಡಿ ಚಾರ್ಜ್ ಮಾಡುತ್ತಿದ್ದ ಕಂಪ್ಯೂಟರ್ ಹೊಸದನ್ನೂ ಹಾಗೇ ನಡೆಸಿಕೊಳ್ಳದಿರಲಿ ಎಂದು. ಕೊನೆಯದಾಗಿ, ಎಂಜಿನ್ ಓಡುತ್ತಿರುವಾಗ ಟರ್ಮಿನಲ್‌ಗಳಲ್ಲಿ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ನೋಡಿ. ಬರುತ್ತಿಲ್ಲವಾದರೆ ಅಪರಾಧಿ ಆಲ್ಟರ್ನೇಟರ್, ಹೊಸ ಬ್ಯಾಟರಿಯೂ ಉಳಿಯುವುದಿಲ್ಲ.

ತೆಗೆದ ಬ್ಯಾಟರಿ ಮೂಲೆಗೆ ಸೇರಬಾರದು, ಗುಜರಿಯವರ ಗಾಡಿಗೂ ಹೋಗಬಾರದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷ ಮಕ್ಕಳ ಮೈಗೆ ಸೇರುವುದರ ವಿರುದ್ಧ ದಶಕಗಳ ಕಾಲ ದುಡಿದರು. ಹಳೆಯ ಬ್ಯಾಟರಿಗಳನ್ನು ಹಿತ್ತಿಲಲ್ಲಿ ಒಡೆದು ಸೀಸ ಕರಗಿಸುವ ದಂಧೆ ಆ ವಿಷದ ದೊಡ್ಡ ಮೂಲಗಳಲ್ಲೊಂದು. ಕಾಯಿಸಿದ ಹೊಗೆ, ಚೆಲ್ಲಿದ ಆಮ್ಲ, ನೆಲದಲ್ಲಿ ಉಳಿಯುವ ಧೂಳು ಎಲ್ಲವೂ ಸುತ್ತಲಿನ ಮನೆಗಳಿಗೇ ಹೋಗುತ್ತವೆ. ಸೀಸ ಸರಿಯಾದ ಕಾರ್ಖಾನೆಗೆ ಸೇರಿದರೆ ಬಹುಪಾಲು ಮತ್ತೆ ಬ್ಯಾಟರಿಯಾಗಿ ಬರುವ ಲೋಹ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು, ಅದನ್ನು ಬೇರೆ ಕಸಕ್ಕೆ ಬೆರೆಸದೆ ಒಪ್ಪಿಸುವ ಹೊಣೆ ನಮ್ಮದು. ಹೊಸದನ್ನು ಕೊಂಡ ಅಧಿಕೃತ ಅಂಗಡಿಯಲ್ಲೇ ಹಳೆಯದನ್ನು ಕೊಡಿ, ಬೆಲೆಯಲ್ಲಿ ಅದಕ್ಕೆ ಸಲ್ಲುವ ಪಾಲನ್ನು ಕಳೆಯುತ್ತಾರೆ. ಗುಜರಿಯವನು ಅದಕ್ಕಿಂತ ನೂರಿನ್ನೂರು ಜಾಸ್ತಿ ಕೊಡುತ್ತೇನೆಂದರೂ ಒಪ್ಪಬೇಡಿ. ಹಳೆಯ ಬ್ಯಾಟರಿ ಮರಳಿಸಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಂಡು ಬನ್ನಿ.